ಔವೊನ ಕೋವಿಯ ಅಭ್ಯಂಜನ

ಔವೊ ಕಿನ್ನುನೆನ್‌ನ ಹತ್ತಿರ ಸೈಲೆನ್ಸರ್ ಇರಲಿಲ್ಲ.

ಫಿನ್‌ಲೆಂಡಿನ ನಮ್ಮ ಹಳ್ಳಿ ಕುರ್ಕಿವಾರದಲ್ಲಿ ಉಳಿದೆಲ್ಲರ ಹತ್ತಿರವೂ ಇತ್ತು. ನಮ್ಮ ಬೇಟೆ ಕೂಟದಲ್ಲಿ ಹಲ್ಲಿಲ್ಲದವರಿದ್ದರು, ಹೆಂಡತಿ ಬಿಟ್ಟುಹೋದವರಿದ್ದರು, ಎಡಗಿವಿ ಕೇಳದವರಂತೂ ಅರ್ಧಕ್ಕರ್ಧ ಇದ್ದರು. ಆದರೆ ಕೋವಿಯ ನಳಿಗೆಯ ತುದಿಗೆ ತಿರುಗಿಸಿ ಕೂರಿಸುವ ಆ ಕಪ್ಪು ಕೊಳವೆ ಇಲ್ಲದವನು ಔವೊ ಒಬ್ಬನೇ. ಕಿವಿ ಕೇಳದವರಿಗೆ ಸೈಲೆನ್ಸರ್ ಯಾಕೆ ಎಂದು ಕೇಳಬಾರದು. ಅದು ಇಲ್ಲದ ಕಾಲದಲ್ಲಿ ಗುಂಡು ಹಾರಿಸಿ ಹಾರಿಸಿಯೇ ಅವರ ಕಿವಿ ಹೋದದ್ದು.

ಇಲ್ಲದ್ದಕ್ಕೆ ಔವೊ ಒಂದು ಸಿದ್ಧಾಂತ ಕಟ್ಟಿಕೊಂಡಿದ್ದ. ಕೋವಿಗೆ ದನಿ ಇರಬೇಕು, ದನಿಯಿಲ್ಲದ ಕೋವಿ ಬೊಗಳದ ನಾಯಿಯ ಹಾಗೆ ಎಂದು ಕಾಫಿ ಕುಡಿಯುವಾಗಲೆಲ್ಲ ಹೇಳುತ್ತಿದ್ದ. ಅವನ ಕೋವಿಗೆ ದನಿ ಇದ್ದದ್ದು ನಿಜ. ಅದು ಒಮ್ಮೆ ಸದ್ದು ಮಾಡಿದರೆ ಕಾಗೆಗಳು ಪಕ್ಕದ ಊರಿಗೆ ಹೋಗಿ ಕೂರುತ್ತಿದ್ದವು. ಅದರ ದನಿಗೆ ಮೂಸ್, ಅಂದರೆ ನಮ್ಮ ಕಾಡಿನ ಆಳೆತ್ತರದ ಕಡವೆ, ಬಿದ್ದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಮೂಸ್ ಬೇಟೆ ಅಕ್ಟೋಬರಿನಲ್ಲಿ ಶುರು. ಅದಕ್ಕೆ ಮುಂಚೆ ಒಂದು ದಿನ ಮಾಂಸ ಕೊಯ್ಯುವ ಕೊಟ್ಟಿಗೆಯಲ್ಲಿ ಎಲ್ಲರೂ ಸೇರುತ್ತೇವೆ. ಮೊದಲ ದಿನ ಕಾಡಿನಲ್ಲಿ ಯಾರು ಎಲ್ಲಿ ಕಾದು ಕೂರಬೇಕು ಎಂದು ಚೀಟಿ ಎತ್ತುತ್ತೇವೆ. ಚೀಟಿ ಇರುವುದು ನಮ್ಮ ಮುಖಂಡ ಎನ್ಸಿಯೊನ ಟೊಪ್ಪಿಯೊಳಗೆ. ಕೊಟ್ಟಿಗೆಯ ಬಾಗಿಲು ದಾಟುವವರೆಗೆ ಯಾರು ಯಾರ ಜೊತೆ ಬೇಕಾದರೂ ಚೀಟಿ ಬದಲಾಯಿಸಿಕೊಳ್ಳಬಹುದು. ದಾಟಿದ ಮೇಲೆ ಇಲ್ಲ. ಹಿಂದೆ ದಾಟಿದ ಮೇಲೆ ಬದಲಾಯಿಸಿಕೊಂಡ ಇಬ್ಬರು ಅಣ್ಣತಮ್ಮಂದಿರು ಇವತ್ತಿಗೂ ಮಾತಾಡುವುದಿಲ್ಲ. ಒಬ್ಬ ಸತ್ತೂ ಹೋಗಿದ್ದಾನೆ.

ಔವೊ ವರ್ಷ ವರ್ಷವೂ ಎತ್ತುತ್ತಿದ್ದದ್ದು ಜೌಗಿನ ಅಂಚಿನ ಠಾವು. ಅಲ್ಲಿ ಅವನಿಗೆ ಸಿಕ್ಕಿದ್ದು ನೆಗಡಿ. ಈ ಸಲ ಎನ್ಸಿಯೊ ಅವನ ಚೀಟಿ ಬಿಚ್ಚಿ ಎರಡು ಸಲ ಓದಿಕೊಂಡ.

"ಬಂಡೆ ಠಾವು," ಎಂದ.

ಕೊಟ್ಟಿಗೆಯಲ್ಲಿ ಯಾರೋ ಕೆಮ್ಮಿದರು. ಬಂಡೆ ಠಾವು ಎಂದರೆ ಜೌಗಿನಿಂದ ಎದ್ದ ಮೃಗಕ್ಕೆ ಒಣನೆಲ ಹಿಡಿದು ಹೋಗಲು ಇರುವ ಒಂದೇ ದಾರಿ. ಅಲ್ಲಿ ಕೂತವನಿಗೆ ಗುರಿ ಬೇಕಿಲ್ಲ, ಎಚ್ಚರವಿದ್ದರೆ ಸಾಕು. ಆದರೆ ಬಂಡೆಯ ಬೆನ್ನಿಗೇ ಲೆಂಪಿ ಅಜ್ಜಿಯ ಹುಲ್ಲುಗಾವಲು, ಅದರಲ್ಲಿ ಅವಳ ಮುದಿ ಹೆಣ್ಣುಕುದುರೆ ವಿರ್ಮಾ. ಒಂದು ವರ್ಷ ಅಲ್ಲಿ ಹಾರಿದ ಗುಂಡಿನ ಸದ್ದಿಗೆ ವಿರ್ಮಾ ಬೇಲಿ ಹಾರಿ ಓಡಿ ಮೂರನೆಯ ಊರಿನ ಅಂಚೆ ಕಚೇರಿಯ ಮುಂದೆ ಸಿಕ್ಕಿದ್ದಳು. ಅಂದಿನಿಂದ ನೆಲದ ಒಡತಿ ಲೆಂಪಿ ಅಜ್ಜಿಯ ಷರತ್ತು ಒಂದೇ: ಆ ಬಂಡೆಯ ಮೇಲೆ ಸೈಲೆನ್ಸರ್ ಇಲ್ಲದ ಕೋವಿ ಕೂರಬಾರದು.

"ನಿನ್ಹತ್ರ ಸೈಲೆನ್ಸರ್ ಇಲ್ಲವಲ್ಲೋ," ಎಂದ ಎನ್ಸಿಯೊ. "ಬಾಗಿಲು ದಾಟೋ ಮುಂಚೆ ಯಾರ ಜೊತೆಯಾದ್ರೂ ಬದಲಾಯಿಸ್ಕೋ."

"ಇದೆ," ಎಂದ ಔವೊ.

"ಏನಿದೆ?"

"ಸೈಲೆನ್ಸರ್ರು."

"ಯಾವಾಗ ಬಂತು?"

"ಬಂತು."

"ಕೋವಿಗೆ ದನಿ ಇರಬೇಕು ಅಂತಿದ್ದೆ?"

"ಅದಕ್ಕೂ ವಯಸ್ಸಾಯ್ತು. ಈಗ ಮೆಲ್ಲಗೆ ಮಾತಾಡುತ್ತೆ," ಎಂದು ಔವೊ ಚೀಟಿಯನ್ನು ಟೊಪ್ಪಿಯ ಪಟ್ಟಿಗೆ ಸಿಕ್ಕಿಸಿಕೊಂಡು ಬಾಗಿಲು ದಾಟಿದ.

ದಾಟಿದವನು ನೆಟ್ಟಗೆ ಮನೆಗೆ ಹೋಗಿ ಹೆಂಡತಿ ಹಿಲ್ಕಾಳಿಂದ ಅವಳ ತಮ್ಮ ರೈಮೊಗೆ ಫೋನು ಮಾಡಿಸಿದ. ರೈಮೊ ಕಾಯಾನಿ ಪಟ್ಟಣದಲ್ಲಿ ಮೇಷ್ಟರು. ಹುಡುಗರಿಗೆ ಲೋಹದ ಕೆಲಸ ಕಲಿಸುತ್ತಾನೆ. ಯಾವುದನ್ನೇ ಆಗಲಿ ಮೂರು ಸಲ ವಿವರಿಸದೆ ಬಿಡುವವನಲ್ಲ. ಅವನ ಊರಿನ ಬೇಟೆ ಒಂದು ವಾರ ತಡವಾಗಿ ಶುರುವಾಗುವುದರಿಂದ ತನ್ನ ಸೈಲೆನ್ಸರ್ ಕೊಡಲು ಒಪ್ಪಿದ. ತಾನೇ ತಂದು, ಕೈಗೆ ಕೊಡುವ ಮೊದಲು ಅಡುಗೆಮನೆಯ ಮೇಜಿನ ಮೇಲಿಟ್ಟು ಪಾಠ ಶುರು ಮಾಡಿದ.

"ನೋಡು ಭಾವ. ಗುಂಡು ಹಾರಿಸಿದಾಗ ಇದು ಕಾಯುತ್ತೆ. ಕಾದು ಕೆಂಡ ಆಗಿರುವಾಗ ಮುಟ್ಟಬೇಡ. ಹಾಗಂತ ಪೂರ್ತಿ ತಣ್ಣಗಾಗೋಕೂ ಬಿಡಬೇಡ. ಒಳಗಿನ ಮಸಿ ಗಟ್ಟಿಯಾಗಿ ತಿರುಪಿನ ಎಳೆಗಳನ್ನ ಕಚ್ಚಿಕೊಂಡುಬಿಡುತ್ತೆ. ಕೈಗೆ ತಾಳುವಷ್ಟು ಬೆಚ್ಚಗಿರುವಾಗ ತಿರುಗಿಸಿ ತೆಗಿ. ಎಳೆಗಳನ್ನ ಒರೆಸು. ಚೂರು ಗ್ರೀಸ್ ಹಚ್ಚು. ಆಮೇಲೆ ಒಣಗಿದ ಜಾಗದಲ್ಲಿಡು."

"ಗೊತ್ತು," ಎಂದ ಔವೊ.

"ಗ್ರೀಸ್ ಅಂದ್ರೆ ಕಾವು ತಡೆಯೋ ಗ್ರೀಸ್. ಸಿಕ್ಕಿದ್ದೆಲ್ಲ ಅಲ್ಲ."

"ಗೊತ್ತು ಮಾರಾಯ."

"ಎಲ್ಲಿ, ಒಂದ್ಸಲ ನೀನೇ ಹೇಳು ನೋಡೋಣ."

"ನಾನೇನು ನಿನ್ನ ಶಾಲೆ ಹುಡುಗನಾ?" ಎಂದು ಔವೊ ಎದ್ದು ಕಾಫಿ ಪಾತ್ರೆ ತರಲು ಹೋದ. ರೈಮೊ ಏಲಕ್ಕಿ ಬನ್ನು ಮುರಿಯುತ್ತಾ ಅಕ್ಕನ ಮುಖ ನೋಡಿದ. ಶುಕ್ರವಾರ ಸೌನಾಕ್ಕೆ, ಅಂದರೆ ಆವಿಸ್ನಾನಕ್ಕೆ, ಬರುವುದಾಗಿಯೂ, ಬಂದಾಗ ತನ್ನ ಸಾಮಾನನ್ನು ಒಮ್ಮೆ ನೋಡುವುದಾಗಿಯೂ ಹೇಳಿ ಹೋದ.

ಆ ಭಾನುವಾರ ಮರಳುಗುಂಡಿಯ ಗುರಿಕಟ್ಟೆಯಲ್ಲಿ ನಾನು ಔವೊನ ಪಕ್ಕದಲ್ಲೇ ಇದ್ದೆ. ಅವನು ಮೊದಲ ಗುಂಡು ಹಾರಿಸಿದ. ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಹಾಕಿದಷ್ಟು ಸದ್ದು ಬಂತು. ಎದುರಿನ ಪೈನ್ ಮರದ ಮೇಲಿದ್ದ ಕಾಗೆ ಕತ್ತು ತಿರುಗಿಸಿ ನೋಡಿತೇ ಹೊರತು ಏಳಲಿಲ್ಲ. ಔವೊನ ಮುಖದಲ್ಲಿ ಹೊಸ ಅಳಿಯನ ಕಳೆ ಬಂತು. ಎರಡನೆಯದು ಹಾರಿಸಿದ, ಮೂರನೆಯದು ಹಾರಿಸಿದ. ಗುರಿ ಸರಿಪಡಿಸಿಕೊಳ್ಳಲು ಬಂದವನು ಸುಖಕ್ಕೆ ಹಾರಿಸಲು ಶುರುಮಾಡಿದ. ಒಂದು ಡಬ್ಬಿ ಗುಂಡು ಮುಗಿಸಿ ಇನ್ನೊಂದು ತೆರೆದ.

"ಔವೊ, ಅದಕ್ಕೆ ಸ್ವಲ್ಪ ಉಸಿರಾಡೋಕೆ ಬಿಡು," ಎಂದೆ.

"ಗೊತ್ತು."

"ಕಾದಿದೆ ಕಣೋ."

"ಕಾಯಲಿ. ಅದರ ಕೆಲಸವೇ ಅದು."

ಕಾದ ಕಬ್ಬಿಣದ ಮೇಲಿನ ಗಾಳಿ ಕುಣಿಯುತ್ತದೆ. ಅದರೊಳಗಿಂದ ನೋಡಿದವನಿಗೆ ಗುರಿಯೂ ಕುಣಿಯುತ್ತದೆ. ಔವೊ ಕೋವಿಯ ಮೇಲಿನ ದುರ್ಬೀನಿನಲ್ಲಿ ನೋಡಿ, ಗುರಿಹಲಗೆ ನೀರಿನೊಳಗೆ ಇದ್ದಂತೆ ಕಾಣುತ್ತಿದೆ, ದುರ್ಬೀನೇ ಕೆಟ್ಟಿದೆ ಎಂದು ತೀರ್ಮಾನಿಸಿ ಅದರ ಗುಂಡಿಗಳನ್ನು ಎಡಕ್ಕೆ ತಿರುಗಿಸಿದ. ಆಮೇಲೆ ಬಲಕ್ಕೆ ತಿರುಗಿಸಿದ. ಗುಂಡುಗಳು ಪಕ್ಕದ ಹಲಗೆಗೆ, ಅಂದರೆ ನನ್ನ ಹಲಗೆಗೆ ಬಿದ್ದವು. ನನಗೆ ಆ ದಿನ ಒಳ್ಳೆಯ ಅಂಕ ಬಂತು.

ಬಿಸಿಗಾಳಿ ತಡೆಯಲು ಕೊಳವೆಗೆ ಬಟ್ಟೆ ಸುತ್ತುವವರನ್ನು ಅವನು ಎಲ್ಲೋ ನೋಡಿದ್ದ. ಚೀಲದಲ್ಲಿ ಹಿಲ್ಕಾ ಹೆಣೆದುಕೊಟ್ಟ ಉಣ್ಣೆಯ ಕಾಲುಚೀಲವಿತ್ತು. ಅದನ್ನೇ ಸೈಲೆನ್ಸರಿಗೆ ತೊಡಿಸಿದ. ನಿಜವಾಗಿಯೂ ಗುರಿ ನಿಂತಿತು. ಔವೊ ಸುತ್ತ ನೋಡಿದ, ಯಾರಾದರೂ ನೋಡುತ್ತಿದ್ದಾರೆಯೇ ಎಂದು. ಎಲ್ಲರೂ ನೋಡುತ್ತಿದ್ದರು, ಕಾಲುಚೀಲದಿಂದ ಹೊಗೆ ಬರುತ್ತಿತ್ತು.

"ನಿನ್ನ ಕೋವಿಯ ಕಾಲು ಸುಡ್ತಿದೆ," ಎಂದೆ.

"ಗೊತ್ತು," ಎಂದು ಔವೊ ಕಾಲುಚೀಲವನ್ನು ಕಿತ್ತೆಸೆಯಲು ಬರಿಗೈಯಲ್ಲಿ ಹಿಡಿದ. ಅಂಗೈ ಚುರುಗುಟ್ಟಿದ್ದು ಎರಡು ಕಟ್ಟೆ ಆಚೆಯವರಿಗೂ ಕೇಳಿಸಿತು. ಅವನು ಸುಟ್ಟ ಕೈಯನ್ನು ಜೇಬಿನಲ್ಲಿಟ್ಟು, "ಸಾಕು, ಇವತ್ತಿಗೆ ಗುರಿ ಸರಿಹೋಯ್ತು," ಎಂದು ಒಂದೇ ಕೈಯಲ್ಲಿ ಕೋವಿ ಎತ್ತಿಕೊಂಡು ಹೊರಟ. ಕೈಗೆ ತಾಳುವಷ್ಟು ಬೆಚ್ಚಗಿರುವಾಗ ಬಿಚ್ಚಬೇಕಾಗಿದ್ದ ಸೈಲೆನ್ಸರಿಗೆ ತಾಳುವ ಕೈಯೇ ಉಳಿದಿರಲಿಲ್ಲ. ಮೇಲಾಗಿ, ಬಿಚ್ಚಿದರೆ ದಾರಿಯಲ್ಲಿ ಅಂಗಡಿಯ ಮುಂದೆ ನಿಂತು ತೋರಿಸುವುದು ಹೇಗೆ?

ಮನೆಯಲ್ಲಿ ಹೊಸ ತೊಡಕು ಕಂಡಿತು. ಕೋವಿಯನ್ನು ಬೀಗ ಹಾಕಿಡಬೇಕೆಂಬುದು ಕಾನೂನು. ಔವೊನ ಕಬ್ಬಿಣದ ಬೀರು ಅವನಪ್ಪ ಮಾಡಿಸಿದ್ದು, ಆ ಕೋವಿಯ ಅಳತೆಗೇ ಮಾಡಿಸಿದ್ದು. ಸೈಲೆನ್ಸರ್ ಇಟ್ಟುಕೊಂಡ ಕೋವಿ ಒಂದು ಗೇಣು ಬೆಳೆದುಬಿಟ್ಟಿತ್ತು. ನೆಟ್ಟಗೆ ಇಟ್ಟರೆ ನೆತ್ತಿ ತಾಗಿತು, ಓರೆಯಾಗಿ ಇಟ್ಟರೆ ಬಾಗಿಲು ಹಾಕಲಾಗಲಿಲ್ಲ. ಕೈ ವಾಸಿಯಾಗಲಿ, ಬಿಚ್ಚೋಣ ಎಂದು ಔವೊ, ಇಲ್ಲದೆ ಕೋವಿಯಿಂದ ಗುಂಡು ಹಾರದ ಬೋಲ್ಟನ್ನು ಮಾತ್ರ ತೆಗೆದು ಬೀರುವಿನಲ್ಲಿಟ್ಟು, ಕೋವಿಯನ್ನು ಅಂಗಳದಾಚೆಯ ಸೌನಾಕ್ಕೆ ಒಯ್ದ. ಬಟ್ಟೆ ಕಳಚುವ ಹೊರಕೋಣೆಯಲ್ಲಿ ಒದ್ದೆ ಟವಲುಗಳ ಕೆಳಗೆ ಮಲಗಿಸಿ ಬೀಗ ಹಾಕಿದ. ಕಾನೂನಿನ ಮಾತು ಉಳಿಯಿತು. ಒಣಗಿದ ಜಾಗ ಎಂಬ ರೈಮೊನ ಮಾತು ಉಳಿಯಲಿಲ್ಲ.

ಬುಧವಾರ ಏಳುವ ಹೊತ್ತಿಗೆ ಕೈ ಆರಿತ್ತು. ಔವೊ ಸೈಲೆನ್ಸರ್ ತಿರುಗಿಸಿದ. ಅದು ತಿರುಗಲಿಲ್ಲ. ಟವಲು ಸುತ್ತಿ ತಿರುಗಿಸಿದ. ಜಾಮ್ ಬಾಟಲಿಯ ಮುಚ್ಚಳ ತೆಗೆಯುವ ರಬ್ಬರು ಹಾಕಿ ತಿರುಗಿಸಿದ. ಕೋವಿಯನ್ನು ತೊಡೆಗಳ ನಡುವೆ ಹಿಡಿದು, ಹಲ್ಲು ಕಚ್ಚಿ, ದೇವರನ್ನೂ ಭಾವಮೈದುನನನ್ನೂ ಒಂದೇ ಉಸಿರಿನಲ್ಲಿ ನೆನೆದು ತಿರುಗಿಸಿದ. ತಿರುಗಿದ್ದು ಔವೊ, ಸೈಲೆನ್ಸರ್ ಅಲ್ಲ.

ಲೋಹ ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಬಿಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಕಾಯಿಸಲು ಸೌನಾಕ್ಕಿಂತ ಒಳ್ಳೆಯ ಜಾಗ ಫಿನ್‌ಲೆಂಡಿನಲ್ಲಿ ಯಾವುದಿದೆ? ನಮಗೆ ಸೊಂಟ ಹಿಡಿದರೂ ಸೌನಾ, ಮನಸ್ಸು ಹಿಡಿದರೂ ಸೌನಾ. ಕೋವಿಯ ತಿರುಪು ಹಿಡಿದರೆ ಯಾಕಾಗಬಾರದು? ಔವೊ ಬೆಳಿಗ್ಗೆ ಹಿಲ್ಕಾ ಶಾಲೆಯ ಅಡುಗೆ ಕೆಲಸಕ್ಕೆ ಹೋದದ್ದೇ ಒಲೆ ಹಚ್ಚಿದ. ಬರ್ಚ್ ಸೌದೆ ಮುಗಿದಿತ್ತು. ಹಿತ್ತಿಲಲ್ಲಿದ್ದ ಲೆಪ್ಪ ಮರದ ಸೌದೆ ತುಂಬಿದ. ತಿರುಪಿಗೆ ಬಿಡಲು ಎಣ್ಣೆ ಇರಲಿಲ್ಲ. ಅಡುಗೆಮನೆಯಲ್ಲಿದ್ದ ಹಂದಿ ಕೊಬ್ಬಿನ ಉಂಡೆಯನ್ನು ಧಾರಾಳವಾಗಿ ತಿಕ್ಕಿದ. ಕೋವಿಯನ್ನು ಮೇಲಿನ ಹಲಗೆಯಲ್ಲಿ ಕೂರಿಸಿ, ಕಾದ ಕಲ್ಲುಗಳ ಮೇಲೆ ನೀರು ಹಾಕಿ ಆವಿ ಎಬ್ಬಿಸಿದ. ಹೀಗೆ ಆ ಕೋವಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುವ ಅಭ್ಯಂಜನ ಶಾಸ್ತ್ರೋಕ್ತವಾಗಿ ನಡೆಯಿತು. ಆರತಿ ಒಂದು ಬಾಕಿ.

ಈಗ ಲೆಂಪಿ ಅಜ್ಜಿಯ ಕಿಟಕಿಗೆ ಬರೋಣ. ಅವಳಿಗೆ ಕಂಡದ್ದು ಇಷ್ಟು. ವಾರದ ನಡುವೆ, ಬೆಳಿಗ್ಗೆಯೇ, ಔವೊನ ಸೌನಾದಿಂದ ಹೊಗೆ. ಅದೂ ಲೆಪ್ಪ ಸೌದೆಯ ಹೊಗೆ. ಮಾಂಸ ಹೊಗೆಯಲ್ಲಿಟ್ಟು ಹದ ಮಾಡುವಾಗ ನಮ್ಮ ಕಡೆ ಉರಿಸುವುದು ಅದನ್ನೇ, ಸೌನಾದಲ್ಲೇ. ಹೊಗೆಯಲ್ಲಿ ಕೊಬ್ಬು ಕರಗುವ ವಾಸನೆ. ಔವೊ ಕೈಯಲ್ಲಿ ಇಕ್ಕಳ ಹಿಡಿದು ಒಳಗೆ ಹೋಗುತ್ತಾನೆ, ಹೊರಗೆ ಬರುತ್ತಾನೆ, ಬೆವರೊರೆಸುತ್ತಾನೆ, ಬೀಗ ಹಾಕುತ್ತಾನೆ. ಎನ್ಸಿಯೊನ ಬೇಟೆನಾಯಿ ಪೆಸ್ಸಿ ಸೌನಾದ ಮೆಟ್ಟಿಲ ಮೇಲೆ ಕೂತು ಬಾಗಿಲಿಗೆ ಮೂಗು ಒತ್ತಿಕೊಂಡು ಅಳುತ್ತಿದೆ. ಪೆಸ್ಸಿ ಸುಳ್ಳು ಹೇಳುವ ನಾಯಿಯಲ್ಲ.

ಅವಳು ಎನ್ಸಿಯೊಗೆ ಫೋನು ಮಾಡಿದಳು.

"ಔವೊ ಮೂಸ್ ಹೊಡೆದಿದಾನೆ."

"ಬೇಟೆ ಶುರುವಾಗೋದು ಶನಿವಾರ, ಅಜ್ಜಿ."

"ಅದಕ್ಕೇ ಫೋನು ಮಾಡಿದ್ದು. ಸೌನಾದಲ್ಲಿ ಹದ ಮಾಡ್ತಿದಾನೆ."

"ನಂಗೆ ಗುಂಡಿನ ಸದ್ದೇ ಕೇಳಲಿಲ್ಲವಲ್ಲ."

"ಯಾರಿಗೂ ಕೇಳಲಿಲ್ಲ. ಈಗ ಅವನ ಹತ್ರ ಸೈಲೆನ್ಸರ್ ಇದೆಯಲ್ಲಪ್ಪ."

ವಾದ ಗಟ್ಟಿಯಾಗಿತ್ತು. ಇಡೀ ಊರಿನಲ್ಲಿ ಒಬ್ಬರಿಗೂ ಸದ್ದು ಕೇಳದಿದ್ದದ್ದೇ ದೊಡ್ಡ ಸಾಕ್ಷಿ. ಸಂಜೆಯ ಹೊತ್ತಿಗೆ ಸದ್ದು ಕೇಳದವರ ಸಂಖ್ಯೆ ಬೆಳೆದು, ಯಾವ ಹೊತ್ತಿನಲ್ಲಿ ಕೇಳಲಿಲ್ಲ ಎಂಬುದೂ ಖಚಿತವಾಯಿತು. ಅಂಗಡಿಯಲ್ಲಿ ಒಬ್ಬ, ಮಂಗಳವಾರ ಮುಂಜಾನೆ ಜೌಗಿನ ಕಡೆಯಿಂದ ತನಗೆ ಏನೂ ಕೇಳಲಿಲ್ಲ ಎಂದು ಆಣೆ ಮಾಡಿ ಹೇಳಿದ.

ವಿಷಯ ಸಣ್ಣದಲ್ಲ. ಕಾಲಕ್ಕೆ ಮುಂಚೆ ಒಂದು ಮೃಗ ಬಿದ್ದರೆ ಕೂಟದ ಆ ವರ್ಷದ ಪರವಾನಗಿಯೇ ಹೋಗುತ್ತದೆ, ಹೊಡೆದವನನ್ನು ಕೂಟದಿಂದ ಹಾಕುತ್ತಾರೆ. ಆದರೆ ಕುರ್ಕಿವಾರದವರು ಯಾರನ್ನೂ ಮುಖಕ್ಕೆ ಮುಖ ಕೊಟ್ಟು ಕೇಳುವುದಿಲ್ಲ. ಅವರು ಪಾಲಿಗೆ ಪಾತ್ರೆ ತರುತ್ತಾರೆ. ಗುರುವಾರ ಔವೊನ ಅಂಗಳಕ್ಕೆ ಒಬ್ಬೊಬ್ಬರಾಗಿ ಬಂದರು. ಒಬ್ಬ ಒರಟು ಉಪ್ಪಿನ ಚೀಲ ತಂದು, "ಮನೇಲಿ ಹೆಚ್ಚಾಗಿತ್ತು," ಎಂದು ಇಟ್ಟುಹೋದ. ಇನ್ನೊಬ್ಬ ಈರುಳ್ಳಿ ತಂದ. ಲೆಂಪಿ ಅಜ್ಜಿ ಮುಚ್ಚಳವಿರುವ ಖಾಲಿ ಬಕೆಟ್ಟು ತಂದು ಸೌನಾದ ಗೋಡೆಗೆ ಒರಗಿಸಿ, "ಸುಮ್ನೆ ಇಲ್ಲಿರಲಿ," ಎಂದಳು. ಔವೊ ಎಲ್ಲರಿಗೂ ಧನ್ಯವಾದ ಹೇಳಿದ. ಸೈಲೆನ್ಸರ್ ಸಿಕ್ಕಿಕೊಂಡ ಸುದ್ದಿ ಹೇಗೋ ಹೊರಬಿದ್ದು ಜನ ಮರುಕಪಡುತ್ತಿದ್ದಾರೆ ಎಂದು ಅವನ ಎಣಿಕೆ. ಈರುಳ್ಳಿಯನ್ನು ಅರ್ಧಕ್ಕೆ ಕೊಯ್ದು ತಿರುಪಿಗೆ ಉಜ್ಜಿಯೂ ನೋಡಿದ.

ಅಡುಗೆ ಕೆಲಸ ಮುಗಿಸಿ ಬಂದ ಹಿಲ್ಕಾಳಿಗೆ ದಾರಿಯಲ್ಲೇ ಸುದ್ದಿ ಸಿಕ್ಕಿತ್ತು. ಕೊಬ್ಬಿನ ಉಂಡೆ ಮಾಯವಾಗಿದ್ದನ್ನೂ ಅವಳು ನೋಡಿದ್ದಳು. ಅವಳೂ ಕುರ್ಕಿವಾರದವಳೇ, ಕೇಳಲಿಲ್ಲ. ಸೆಪ್ಟೆಂಬರ್ ಇಡೀ ಕಾಡಿನಲ್ಲಿ ಬಾಗಿ ಬಾಗಿ ಆಯ್ದಿದ್ದ ಲಿಂಗನ್ ಎಂಬ ಹುಳಿ ಕೆಂಪುಹಣ್ಣುಗಳನ್ನು ಫ್ರೀಜರಿನಿಂದ ತೆಗೆದು ಬೀದಿಯವರಿಗೆಲ್ಲ ಹಂಚಿ, ಮೂಸಿಗೆ ಜಾಗ ಮಾಡಿದಳು.

ಕೊನೆಗೆ ಎನ್ಸಿಯೊ ಬಂದ. ಸೌನಾದ ಮೆಟ್ಟಿಲ ಮೇಲೆ ಪೆಸ್ಸಿಯ ಪಕ್ಕ ಕೂತ. ಔವೊ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಸೌನಾ ಕಾದಿದೆ," ಎಂದ ಎನ್ಸಿಯೊ.

"ಕಾದಿದೆ."

"ನಿನ್ನೇನೂ ಕಾದಿತ್ತು."

"ಹೌದು, ಅದೇ ಕಾವು."

"ಸೊಂಟ ಹಿಡ್ಕೊಂಡಿದೆ ಕಣೋ. ಒಂದು ಚೂರು ಆವಿ ತಗೊಂಡು ಹೋಗ್ಲಾ?"

"ಬೇಡ."

ಎನ್ಸಿಯೊ ಕತ್ತೆತ್ತಿ ನೋಡಿದ. ನಮ್ಮೂರಿನಲ್ಲಿ ಯಾರಿಗೆ ಬೇಕಾದರೂ ಸಾಲ ಇಲ್ಲ ಎನ್ನಬಹುದು, ಮಗಳನ್ನು ಕೊಡುವುದಿಲ್ಲ ಎನ್ನಬಹುದು. ಕಾದ ಸೌನಾ ಇಟ್ಟುಕೊಂಡು ಬಂದವನಿಗೆ ಬೇಡ ಎಂದವನು ಅದುವರೆಗೆ ಹುಟ್ಟಿರಲಿಲ್ಲ.

"ಬೇಡ ಅಂದ್ಯಾ?"

"ಒಳಗೆ ಜಾಗ ಇಲ್ಲ."

"ಯಾರಿದಾರೆ?"

"ಯಾರೂ ಇಲ್ಲ."

ಎನ್ಸಿಯೊ ಎದ್ದ, ಸೊಂಟ ಹಿಡಿದುಕೊಂಡು ಮನೆಗೆ ನಡೆದ. ಅವನಿಗೆ ಇನ್ನು ತಪ್ಪೊಪ್ಪಿಗೆ ಬೇಕಿರಲಿಲ್ಲ. ಪೊಲೀಸಿಗೆ ಫೋನು ಮಾಡಿದ.

ನಮಗೂ ಸುತ್ತಲಿನ ಹಳ್ಳಿಗಳಿಗೂ ಸೇರಿ ಇರುವ ಪೊಲೀಸು ಯಾಲ್ಮರಿ ಒಬ್ಬನೇ. ನಿಧಾನದ ಮನುಷ್ಯ. ಶುಕ್ರವಾರ ಮಧ್ಯಾಹ್ನ ಬಂದ. ಅದೇ ಹೊತ್ತಿಗೆ ಕಾಯಾನಿಯಿಂದ ರೈಮೊನ ಕಾರೂ ಬಂತು. ಅಂಗಳದಲ್ಲಿ ಎನ್ಸಿಯೊ, ಲೆಂಪಿ ಅಜ್ಜಿ, ನಾನು, ಕೂಟದ ಅರ್ಧ ಜನ ನಿಂತಿದ್ದೆವು. ಎಲ್ಲರೂ ಬೇರೆ ಯಾವುದೋ ಕೆಲಸಕ್ಕೆ ಅಲ್ಲಿಗೆ ಬಂದವರ ಹಾಗೆ ಆಕಾಶ ನೋಡುತ್ತಿದ್ದೆವು.

"ಔವೊ, ಬೀಗ ತೆಗಿ," ಎಂದ ಯಾಲ್ಮರಿ.

"ರೈಮೊ ಹೋದ್ಮೇಲೆ ತೆಗಿತೀನಿ."

"ಯಾಕೆ, ನಾನೇನು ಮಾಡಿದೆ?" ಎಂದ ರೈಮೊ.

"ತೆಗಿಯೋ ಮಾರಾಯ. ಈ ಯೂನಿಫಾರ್ಮಿನಲ್ಲಿ ಸೌನಾದ ಹತ್ರ ನಿಂತ್ಕೊಳ್ಳೋಕಾಗಲ್ಲ, ಸೆಕೆ."

ಔವೊ ತೆಗೆದ. ಆವಿ ಹೊರಗೆ ಉರುಳಿತು. ಅದು ತಿಳಿಯಾದ ಮೇಲೆ ಕಂಡದ್ದು ಇದು: ಮೇಲಿನ ಹಲಗೆಯ ಮೇಲೆ, ಹಿರಿಯರು ಕೂರುವ ಜಾಗದಲ್ಲಿ, ಹಿಲ್ಕಾಳ ಹೂವಿನ ಟವಲು ಹೊದ್ದು ಕೋವಿ ಕೂತಿತ್ತು. ಮುಖ ಮಾತ್ರ ಹೊರಗೆ. ಮುಖದಿಂದ ಹಂದಿ ಕೊಬ್ಬು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಬೆನ್ನಿಗೆ ಬಡಿದುಕೊಳ್ಳುವ ಬರ್ಚ್ ಎಲೆಗಳ ಕಟ್ಟು. ಮೊದಲು ಒಳಗೆ ಹೋದದ್ದು ಪೆಸ್ಸಿ. ಹೋಗಿ ಕೋವಿಯನ್ನು ಬುಡದಿಂದ ತುದಿಯವರೆಗೆ ನೆಕ್ಕಿತು.

"ಇದೇನು?" ಎಂದ ಯಾಲ್ಮರಿ.

"ಕೋವಿ."

"ಸ್ನಾನ ಮಾಡ್ತಿದೆಯಾ?"

"ಸೈಲೆನ್ಸರ್ ಸಿಕ್ಕಿಹಾಕ್ಕೊಂಡಿದೆ. ಬಿಡಿಸ್ತಿದೀನಿ."

"ಮೂಸ್ ಎಲ್ಲಿ?" ಎಂದು ಲೆಂಪಿ ಅಜ್ಜಿ ಬಕೆಟ್ಟು ಹಿಡಿದು ಮುಂದೆ ಬಂದಳು.

"ಯಾವ ಮೂಸ್?"

ಅವಳು ಹಲಗೆಗಳ ಕೆಳಗೆ ಬಗ್ಗಿ ನೋಡಿದಳು. ಒಲೆಯ ಹಿಂದೆ ನೋಡಿದಳು. ಎದ್ದು ನಿಂತು, "ಥೂ, ಎರಡು ದಿನ ಬಕೆಟ್ಟಿಲ್ಲದೆ ಹಾಲು ಎಲ್ಲಿ ಹಾಕ್ಲಿ ಅಂತ ಒದ್ದಾಡಿದೆ," ಎಂದಳು.

ಹಿಲ್ಕಾ ಅಂಗಳದಲ್ಲೇ ನಿಂತಿದ್ದಳು. "ಹಾಗಾದ್ರೆ ನನ್ನ ಲಿಂಗನ್ ಹಣ್ಣು?" ಎಂದಳು. ಯಾರೂ ಅವಳ ಕಡೆ ನೋಡಲಿಲ್ಲ. ಅವರಲ್ಲಿ ಬಹಳ ಜನ ಬೆಳಿಗ್ಗೆ ಗಂಜಿಗೆ ಅದನ್ನೇ ಹಾಕಿಕೊಂಡು ತಿಂದಿದ್ದರು.

ರೈಮೊ ಕೋವಿಯ ಹತ್ತಿರ ಹೋಗಿ, ಮೂಸಿ ನೋಡಿ, ಕನ್ನಡಕ ಒರೆಸಿಕೊಂಡ.

"ಭಾವ, ಇದು ಈರುಳ್ಳಿನಾ?"

"ಅರ್ಧ."

"ಎರಡೂ ಉಕ್ಕು. ಒಟ್ಟಿಗೇ ಕಾಯಿಸಿದ್ರೆ ಎರಡೂ ಒಟ್ಟಿಗೇ ಉಬ್ಬುತ್ತವೆ. ಜಗಳಾಡೋ ಗಂಡ ಹೆಂಡತಿನ ಒಂದೇ ಕೋಣೇಲಿ ಕೂಡಿಹಾಕಿದ ಹಾಗೆ. ಯಾರು ಬಿಡ್ತಾರೆ?"

"ಗೊತ್ತು," ಎಂದ ಔವೊ.

ಯಾಲ್ಮರಿ ಬೋಲ್ಟು ಎಲ್ಲಿದೆ ಎಂದು ಕೇಳಿದ. ಬೀರುವಿನಲ್ಲಿ ಬೀಗ ಹಾಕಿದೆ ಎಂದು ಔವೊ ತೋರಿಸಿದ. ಕೋವಿ ಯಾಕೆ ಬೀರುವಿನಲ್ಲಿಲ್ಲ ಎಂಬುದನ್ನೂ, ಆ ಒಂದು ಗೇಣನ್ನೂ ತೋರಿಸಿದ. ಯಾಲ್ಮರಿ ಮೆಟ್ಟಿಲ ಮೇಲೆ ಕೂತು ಹಿಲ್ಕಾ ಕೊಟ್ಟ ಕಾಫಿ ಕುಡಿದು ಯೋಚಿಸಿದ.

"ಸೌನಾದಲ್ಲಿ ಕೋವಿ ಇಡಬಾರದು ಅಂತ ಎಲ್ಲೂ ಬರೆದಿಲ್ಲ, ಯಾಕಂದ್ರೆ ಇಡ್ತಾರೆ ಅಂತ ಯಾರೂ ಅಂದ್ಕೊಂಡಿರಲ್ಲ. ನಾನೂ ಬರೆಯಲ್ಲ. ಆದ್ರೆ ಇವತ್ತು ಸಂಜೆ ಒಳಗೆ ಇದು ಬೀರು ಸೇರಿ ಬಾಗಿಲು ಮುಚ್ಚಬೇಕು. ಮುಚ್ಚಲಿಲ್ಲ ಅಂದ್ರೆ ನಾನು ತಗೊಂಡು ಹೋಗ್ತೀನಿ, ನಾಳೆ ನೀನು ಬೇಟೆಗೆ ಬರೋ ಹಾಗಿಲ್ಲ."

ಔವೊನ ಮುಖ ಬೂದಿಯಾಯಿತು. ನಾಳೆ ಬೆಳಿಗ್ಗೆ ಬಂಡೆ ಠಾವು ಅವನದ್ದಾಗಿತ್ತು.

ಈಗ ಊರಿಗೆ ಊರೇ ಅವನ ಪರ ನಿಂತಿತು. ಎರಡು ದಿನ ಅವನನ್ನು ಕಳ್ಳನೆಂದುಕೊಂಡದ್ದಕ್ಕೆ ಪ್ರಾಯಶ್ಚಿತ್ತವೂ ಆಗಬೇಕಿತ್ತು. ಕೋವಿಯನ್ನು ಎನ್ಸಿಯೊನ ಟ್ರ್ಯಾಕ್ಟರ್ ಶೆಡ್ಡಿಗೆ ಮೆರವಣಿಗೆಯಲ್ಲಿ ಒಯ್ದೆವು. ಅಲ್ಲಿ ಕಬ್ಬಿಣವನ್ನು ದವಡೆಯಲ್ಲಿ ಬಿಗಿದು ಹಿಡಿಯುವ ದೊಡ್ಡ ಬೆಂಚ್ ವೈಸ್ ಇತ್ತು. ರೈಮೊ, ಹೊರಗಿನದನ್ನು ಮಾತ್ರ ಕಾಯಿಸಬೇಕು, ಒಳಗಿನದು ತಣ್ಣಗಿರಬೇಕು, ನಳಿಗೆಯನ್ನು ಸೈಲೆನ್ಸರಿನ ಹತ್ತಿರದಲ್ಲೇ ಮರದ ಹಲಗೆಗಳ ನಡುವೆ ಹಿಡಿಯಬೇಕು, ಎಳೆಗಳಿಗೆ ಎಣ್ಣೆ ಇಳಿಯಲು ಒಂದು ರಾತ್ರಿ ಬಿಡಬೇಕು ಎಂದ.

"ರಾತ್ರಿ ಇಲ್ಲ," ಎಂದ ಎನ್ಸಿಯೊ. "ಸಂಜೆವರೆಗೆ ಟೈಮು."

"ಹಾಗಾದ್ರೆ ನಾನು ಹೇಳೋದು ಏನಂದ್ರೆ..."

"ಎರಡು ಸಲ ಹೇಳಿದೀಯ. ಹಿಡ್ಕೋ."

ನಳಿಗೆ ನುಣುಪಾಗಿತ್ತು, ಕೊಬ್ಬಿನಿಂದ ಇನ್ನೂ ನುಣುಪಾಗಿತ್ತು. ವೈಸಿನಲ್ಲಿ ನಿಲ್ಲಲಿಲ್ಲ. ಎನ್ಸಿಯೊ ಕೋವಿಯ ಹೊಟ್ಟೆಯ ಭಾಗವನ್ನೇ, ಬೋಲ್ಟು ಕೂರುವ ಚೌಕವಾದ ಜಾಗವನ್ನೇ ಚರ್ಮ ಸುತ್ತಿ ಹಿಡಿಸಿದ. ಸೈಲೆನ್ಸರಿಗೆ ಟ್ರ್ಯಾಕ್ಟರಿನ ಪೈಪು ಬಿಚ್ಚುವ ಸರಪಳಿ ಪಾನಾ ಹಾಕಿದ. ಪಾನಾದ ಹಿಡಿಗೆ ಉದ್ದನೆಯ ಕಬ್ಬಿಣದ ಕೊಳವೆ ಸಿಕ್ಕಿಸಿದ. ಕೊಳವೆಗೆ ಔವೊ, ಎನ್ಸಿಯೊ, ನಾನು, ಯೂನಿಫಾರ್ಮಿನ ತೋಳು ಮಡಿಸಿಕೊಂಡ ಯಾಲ್ಮರಿ. ಲೆಂಪಿ ಅಜ್ಜಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು, "ಹಾಂ, ಎಳೀರಿ, ಸೂಲಿನಲ್ಲಿ ಕರು ಎಳೆದ ಹಾಗೆ," ಎಂದಳು.

ಎಳೆದೆವು. ಏನೂ ಆಗಲಿಲ್ಲ. ಮತ್ತೆ ಎಳೆದೆವು. ಕಿರ್ ಎಂದಿತು.

"ನಿಲ್ಲಿಸಿ, ನಿಲ್ಲಿಸಿ," ಎಂದ ರೈಮೊ.

"ಬಂತು, ಬಂತು," ಎಂದ ಔವೊ.

ಕೊಳವೆ ಸರಾಗವಾಗಿ ಒಂದು ಸುತ್ತು ತಿರುಗಿತು. ಶೆಡ್ಡಿನಲ್ಲಿ ಚಪ್ಪಾಳೆ ಬಿತ್ತು. ಔವೊ ಎಲ್ಲರನ್ನೂ ಸರಿಸಿ, ಉಳಿದದ್ದನ್ನು ತಾನೇ ಕೈಯಲ್ಲಿ ತಿರುಗಿಸಿದ. ಅದು ಬೆಣ್ಣೆಯಂತೆ ತಿರುಗಿತು. ನಗುತ್ತಾ ಎಳೆದು ಮೇಲೆತ್ತಿ ಹಿಡಿದ.

ಅವನ ಕೈಯಲ್ಲಿ ಸೈಲೆನ್ಸರ್ ಇತ್ತು. ಸೈಲೆನ್ಸರಿನ ತುದಿಯಲ್ಲಿ, ಬಿಡದೆ ಕಚ್ಚಿಕೊಂಡು, ಇಡೀ ನಳಿಗೆ ಇತ್ತು. ಬಿಟ್ಟುಕೊಂಡದ್ದು ನಳಿಗೆಯ ಬುಡದ ತಿರುಪು. ವೈಸಿನಲ್ಲಿ ಉಳಿದದ್ದು ಕೋವಿಯ ಹೊಟ್ಟೆ, ಹಿಂಬದಿಯ ಮರ, ಮತ್ತು ಒಳಗೆಲ್ಲ ಆವಿ ಹಿಡಿದು ಹಾಲಿನ ಲೋಟದಂತಾಗಿದ್ದ ದುರ್ಬೀನು. ಸರಪಳಿ ಪಾನಾದ ಬಿಗಿಗೆ ಸೈಲೆನ್ಸರ್ ನಡುವಿನಲ್ಲಿ ಚಪ್ಪಟೆಯಾಗಿತ್ತು.

ರೈಮೊ ಬಾಯಿ ತೆರೆದ. ನಾವೆಲ್ಲ ಕಾದೆವು. ಅವನು ಬಾಯಿ ಮುಚ್ಚಿದ. ಅವನು ಯಾವುದನ್ನೂ ವಿವರಿಸದೆ ಬಿಟ್ಟದ್ದನ್ನು ಹಿಲ್ಕಾ ಅದೇ ಮೊದಲು ನೋಡಿದ್ದಂತೆ.

ಯಾಲ್ಮರಿ ಎರಡೂ ತುಂಡುಗಳನ್ನು ಕಣ್ಣಳತೆಯಲ್ಲಿ ನೋಡಿ, "ಈಗ ಬೀರುವಿನಲ್ಲಿ ಹಿಡಿಯುತ್ತೆ," ಎಂದ.

ಹಿಡಿಯಿತು. ಬಾಗಿಲೂ ಮುಚ್ಚಿತು.

ಶನಿವಾರ ಬೆಳಿಗ್ಗೆ ಕೊಟ್ಟಿಗೆಯ ಮುಂದೆ ಸೇರಿದಾಗ ಹಿಮ ಬಿದ್ದಿತ್ತು. ಬಂಡೆ ಠಾವು ತಮಗಿರಲಿ ಎಂದು ನಾಲ್ಕು ಜನ ಎನ್ಸಿಯೊನ ಹತ್ತಿರ ಪಿಸುಗುಟ್ಟಿದರು. ಅವನು ಒಪ್ಪಲಿಲ್ಲ. ಬಾಗಿಲು ದಾಟಿದ ಚೀಟಿ ದಾಟಿದ್ದೇ. ಔವೊಗೆ ಬೇರೆ ಕೋವಿ ಕೊಡುವವರಿದ್ದಾರೆಯೇ ಎಂದು ಕೇಳಿದ. ಎಲ್ಲರೂ ಶೆಡ್ಡಿನಲ್ಲಿದ್ದವರೇ. ತಮ್ಮ ತಮ್ಮ ಕೋವಿಗಳನ್ನು ಬೆನ್ನ ಹಿಂದೆ ಸರಿಸಿಕೊಂಡರು.

"ಹಾಗೇ ಹೋಗಿ ಕೂತ್ಕೋ," ಎಂದ ಎನ್ಸಿಯೊ. "ಮೃಗ ಯಾವ ಕಡೆ ಹೋಯ್ತು ಅಂತ ರೇಡಿಯೋದಲ್ಲಿ ಹೇಳು."

ಔವೊ ಕಾಫಿಯ ಫ್ಲಾಸ್ಕು, ರೇಡಿಯೋ ಹಿಡಿದು ಬಂಡೆ ಹತ್ತಿದ. ನಾಯಿ ಬಿಟ್ಟರು. ಪೆಸ್ಸಿ ಜೌಗಿನೊಳಗೆ ದೂರದಲ್ಲಿ ಬೊಗಳತೊಡಗಿತು, ಆಮೇಲೆ ಇನ್ನೂ ದೂರದಲ್ಲಿ, ಆಮೇಲೆ ಹತ್ತಿರದಲ್ಲಿ. ನನ್ನ ಕಿವಿಯಲ್ಲಿದ್ದ ರೇಡಿಯೋ ಕರಕರ ಎಂದಿತು.

"ಎನ್ಸಿಯೊ."

"ಹೇಳು."

"ಬಂತು."

"ಏನು ಬಂತು?"

"ಗಂಡು. ಕೊಂಬು ಲೆಂಪಿ ಅಜ್ಜಿಯ ಬಾಗಿಲಷ್ಟು ಅಗಲ ಇದೆ."

"ಎಷ್ಟು ದೂರ?"

"ಒಲೆಯಿಂದ ಊಟದ ಮೇಜಿನಷ್ಟು."

ಕಾಡಿನ ತುಂಬ ಕೂತಿದ್ದ ನಾವೆಲ್ಲ ಕೇಳಿಸಿಕೊಳ್ಳುತ್ತಿದ್ದೆವು.

"ಏನು ಮಾಡ್ತಿದೆ?"

"ನನ್ನ ನೋಡ್ತಿದೆ."

"ನೀನು ಏನು ಮಾಡ್ತಿದೀಯ?"

"ನಾನೂ ಅದನ್ನೇ."

"ಮಾತಾಡ್ಬೇಡ, ಹೆದರಿಕೊಂಡೀತು."

"ಇಲ್ಲ ಎನ್ಸಿಯೊ, ಹೆದರ್ತಾ ಇಲ್ಲ. ಅದಕ್ಕೂ ಯಾರೋ ಹೇಳಿದಾರೆ ಅನ್ಸುತ್ತೆ."

ಮೃಗ ಬಂಡೆಯನ್ನು ಒಂದು ಸುತ್ತು ಹಾಕಿತಂತೆ. ಔವೊನ ಫ್ಲಾಸ್ಕಿನ ಕಡೆ ಮೂಗು ಚಾಚಿ ಕಾಫಿಯ ವಾಸನೆ ತೆಗೆದುಕೊಂಡಿತಂತೆ. ಆಮೇಲೆ ಬೇಲಿ ದಾಟಿ, ಹುಲ್ಲುಗಾವಲಿನ ನಡುವೆ ಅವಸರವಿಲ್ಲದೆ ನಡೆದು, ಪಕ್ಕದ ಊರಿನವರ ಗಡಿಯೊಳಗೆ ಹೋಯಿತು. ಮೇಯುತ್ತಿದ್ದ ವಿರ್ಮಾ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ನಂತರ ಗಡಿಯಾಚೆಯಿಂದ ಒಂದು ಮೆಲ್ಲಗಿನ ಸದ್ದು ಬಂತು, ಪುಸ್ತಕ ಮೇಜಿನ ಮೇಲೆ ಬಿದ್ದಷ್ಟು. ಆ ದಿನ ನಮ್ಮ ಯಾರ ಠಾವಿಗೂ ಇನ್ನೊಂದು ಬರಲಿಲ್ಲ.

ಸಂಜೆ ಕೊಟ್ಟಿಗೆಯಲ್ಲಿ ಬಟಾಣಿ ಸಾರು ಕುಡಿದೆವು. ಔವೊ ಎರಡು ಬಟ್ಟಲು ಕುಡಿದ. ಅವನು ಕಳೆದುಕೊಂಡದ್ದು ಕೋವಿ ಒಂದು, ದುರ್ಬೀನು ಒಂದು, ಭಾವಮೈದುನನ ಸೈಲೆನ್ಸರ್ ಒಂದು, ಮೂಸ್ ಒಂದು.